ಮಳೆ ಲೆಕ್ಕ ಮಕ್ಕಳ ಕೈಗೆ

ಕೊಡಗಿನಲ್ಲಿ ಮಕ್ಕಳನ್ನು ಬೆಳೆಸುವವರಿಗೆ ನಿಜವಾದ ಪರೀಕ್ಷೆ ಜೂನ್‌ನಿಂದ ಆಗಸ್ಟ್‌ವರೆಗೆ. ಉಳಿದ ತಿಂಗಳು ಅರ್ಧ ಕೆಲಸವನ್ನು ಅಂಗಳವೇ ಮಾಡಿಬಿಡುತ್ತದೆ. ನಮ್ಮದು ಮಡಿಕೇರಿಯ ಹೊರಗಿನ ಒಂದು ಬಡಾವಣೆ. ಆರನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ಅತ್ತೆ, ನಾವಿಬ್ಬರು. ಜೊತೆಗೆ ಒಣಗದ ಯೂನಿಫಾರ್ಮು, ಸಾಕ್ಸು.

ಸಂಜೆಯಾದರೆ ಸಾಕು, "ಅಮ್ಮಾ, ಡಿ.ಸಿ. ನಾಳೆ ರಜೆ ಕೊಟ್ರಾ?" ಅಂತ ಶುರು. ಹೋದ ವರ್ಷದ ಆದೇಶವನ್ನೇ ಯಾರೋ ವಾಟ್ಸಾಪ್‌ನಲ್ಲಿ ಹಾಕಿರುತ್ತಾರೆ. ಮಗ ಕುಣಿಯುತ್ತಾನೆ, ಮಗಳು ತಾರೀಖು ತೋರಿಸುತ್ತಾಳೆ, ಅಲ್ಲಿಗೆ ಜಗಳ. ಕೊನೆಗೆ ಮಳೆ ಅಳೆಯುವ ಕೆಲಸವನ್ನೇ ಇಬ್ಬರಿಗೂ ವಹಿಸಿಬಿಟ್ಟೆ.

ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಡುವುದು ಇಲ್ಲಿ ಹಳೇ ರೂಢಿ. ಲೆಕ್ಕ ಇಂಚು, ಸೆಂಟ್‌ನಲ್ಲಿ. ನೂರು ಸೆಂಟ್‌ಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ನೆಂಟರು ಫೋನ್ ಮಾಡಿದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಬಿತ್ತು?" ಬಡಾವಣೆಗೆ ಬಂದ ಮಾತ್ರಕ್ಕೆ ನಮ್ಮ ಮಕ್ಕಳಿಗೆ ಇದು ತಪ್ಪಿಹೋಗಬಾರದು ಅಲ್ವಾ?

ದುಡ್ಡು ಖರ್ಚಿಲ್ಲ. ಮೇಲಿಂದ ಕೆಳಗೆ ಒಂದೇ ಅಗಲ ಇರುವ, ಉದ್ದನೆಯ ಪಾರದರ್ಶಕ ಡಬ್ಬಿ ಬೇಕು. ಅಗಲ ಎಷ್ಟೇ ಇರಲಿ, ನೀರಿನ ಎತ್ತರ ಅಷ್ಟೇ ಬರುತ್ತದೆ. ತಳ ಉಬ್ಬುತಗ್ಗಾಗಿದ್ದರೆ ಒಂದಿಷ್ಟು ನೀರು ಹಾಕಿ, ಆ ಮಟ್ಟವನ್ನೇ ಸೊನ್ನೆ ಅಂತ ಗೆರೆ ಎಳೆದು, ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಬೇಕು. ಮರ, ಸೂರಿನ ಹನಿ ಬೀಳದ ಬಯಲಲ್ಲಿ ಇಡಬೇಕು. ಹವಾಮಾನ ಇಲಾಖೆಯವರು ನೋಡುವ ಹಾಗೆ ಬೆಳಿಗ್ಗೆ 8.30ಕ್ಕೆ ನೋಡಬೇಕು. ಶಾಲೆ ಇರುವ ದಿನ ಆ ಹೊತ್ತಿಗೆ ಮಕ್ಕಳು ಹೊರಟಿರುತ್ತಾರೆ. ಆಗ ಅತ್ತೆಗೆ ಡ್ಯೂಟಿ.

ಮಗ ಮೊದಲ ವಾರದಲ್ಲೇ ಒಂದು ಲೆಕ್ಕ ಹಾಕಿಕೊಂಡ. ಜಾಸ್ತಿ ಇಂಚು ಬಿದ್ದರೆ ರಜೆ ಗ್ಯಾರಂಟಿ. ರಾತ್ರಿ ಜಿಟಿಜಿಟಿ ಮಳೆಯೂ ಸರಿಯಾಗಿ ಬಂದಿರಲಿಲ್ಲ, ಬೆಳಿಗ್ಗೆ ನೋಡಿದರೆ ಡಬ್ಬಿ ತುಂಬಿ ತುಳುಕುತ್ತಿದೆ! ಮಗಳು ಬಗ್ಗಿ ನೋಡಿದಳು. ಮೇಲೆ ಬಿಳಿ ನೊರೆ. ಬೆರಳು ಅದ್ದಿ ಮೂಸಿದಳು. "ಮಳೆಗೆ ಸೋಪು ಎಲ್ಲಿಂದ ಬಂತೋ?" ಅವನು ಒಂದು ಕ್ಷಣವೂ ತಡವರಿಸಲಿಲ್ಲ. "ಮೋಡ ಸ್ನಾನ ಮಾಡಿರ್ಬೇಕು ಅಕ್ಕಾ." ಅತ್ತೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ನಾನೂ ಬೈಯಲಿಲ್ಲ. ಇಂಥ ಉತ್ತರ ಕೊಡುವ ಮಗುವನ್ನು ಬೈದರೆ ಮುಂದಿನ ಉತ್ತರ ನಮಗೆ ಸಿಗುವುದಿಲ್ಲ. ಮಗಳು ಮಾತ್ರ ಪುಸ್ತಕದಲ್ಲಿ "ಸೋಪಿನ ಮಳೆ, ಲೆಕ್ಕಕ್ಕಿಲ್ಲ" ಅಂತ ಬರೆದು ಸಹಿ ಹಾಕಿದಳು.

ಇಡೀ ಜಿಲ್ಲೆಗೆ ರಜೆ ಕೊಟ್ಟ ದಿನ ಇನ್ನೊಂದು ದೂರು. ಕುಶಾಲನಗರದ ಚಿಕ್ಕಮ್ಮನ ಮಕ್ಕಳು ಫೋನ್ ಮಾಡಿ, ಹೊರಗೆ ಕ್ರಿಕೆಟ್ ಆಡುತ್ತಿದ್ದೇವೆ ಅಂದರಂತೆ. "ಮಳೆ ನಮ್ಮದು, ರಜೆ ಅವರಿಗೂ ಯಾಕೆ?" ಮಗನ ಸಂಕಟ ನಿಜಕ್ಕೂ ನ್ಯಾಯವಾದದ್ದು. ಭಾಗಮಂಡಲದ ಮಾವನ ಮನೆಯಲ್ಲಿ ನಮಗಿಂತ ಜಾಸ್ತಿ ಬಿದ್ದಿದೆ ಅಂತ ತಿಳಿದಾಗ ಇಬ್ಬರೂ ಸೋತವರ ಹಾಗೆ ಕೂತರು. ಗಾಳಿಮುಖದ ಬೆಟ್ಟಕ್ಕೆ ಮಳೆ ಹೆಚ್ಚು, ಬೆಟ್ಟ ಇಳಿದು ಪೂರ್ವಕ್ಕೆ ಹೋದ ಹಾಗೆ ಕಡಿಮೆ ಅನ್ನುವ ಪಾಠ ಅವತ್ತು ಸುಮ್ನೆ ತಲೆಗೆ ಹೋಯಿತು.

ಆಮೇಲೆ ಬಂತು ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಗುಣ ಸೇರಿರುತ್ತದೆ ಅನ್ನುವ ನಂಬಿಕೆ. ಸೊಪ್ಪು ಬೇಯಿಸಿದರೆ ನೀರು ಕಡು ನೇರಳೆ. ಅತ್ತೆ ಅದರಲ್ಲೇ ಪಾಯಸ ಮಾಡುತ್ತಾರೆ. ತಿಂದವರ ಮೂತ್ರ ಕೆಂಪಗಾಗುತ್ತದೆ. ಹೆದರುವಂಥದ್ದೇನಿಲ್ಲ, ಸೊಪ್ಪಿನ ಬಣ್ಣ ಅಷ್ಟೇ. ಹೊಸದಾಗಿ ವರ್ಗವಾಗಿ ಬಂದ ಪಕ್ಕದ ಮನೆಯವರಿಗೆ ಪಾಯಸ ಕೊಡುವಾಗ ಇದನ್ನು ಮೊದಲೇ ಹೇಳಿಬಿಡಿ. ನಮ್ಮಲ್ಲಿ ಆ ಕೆಲಸವನ್ನು ಮಗನೇ ಮಾಡಿದ, ಗೇಟಿನ ಹತ್ತಿರ ನಿಂತು, ಇಡೀ ಬೀದಿಗೆ ಕೇಳುವ ಹಾಗೆ.

ಮಾರನೇ ದಿನ ಮಳೆ ಪುಸ್ತಕ ತೆಗೆದರೆ ಇಂಚಿನ ಪಕ್ಕ ಹೊಸ ಕಾಲಂ: "ಬಣ್ಣ". ಅಪ್ಪ ತಿಳಿ ಕೆಂಪು, ಅಮ್ಮ ತಿಳಿ ಕೆಂಪು, ತಮ್ಮ "ಸೂಪರ್ ಕೆಂಪು". ಅಜ್ಜಿಯ ಮುಂದೆ "ವರದಿ ಕೊಡಲು ಒಪ್ಪಲಿಲ್ಲ" ಅಂತ ಬರೆದಿತ್ತು.