ಶಿವಮೊಗ್ಗದ ರಸ್ತೆಗಳನ್ನು ದಾಟುವ ಬಗೆ: ಹೊಸದಾಗಿ ಬಂದ ಕುಟುಂಬಗಳಿಗೆ ಸಂಘದ ಮಾರ್ಗದರ್ಶಿ

ಬಾಡಿಗೆ ಮನೆ ಹಿಡಿದು, ಗ್ಯಾಸ್ ಸಂಪರ್ಕ ವರ್ಗಾಯಿಸಿಕೊಂಡು, ಮಕ್ಕಳನ್ನು ಶಾಲೆಗೆ ಸೇರಿಸುವ ಗಡಿಬಿಡಿಯಲ್ಲಿರುವ ಹೊಸಬರು ನಮ್ಮ ಸಂಘದವರನ್ನು ನೂರೆಂಟು ವಿಷಯ ಕೇಳುತ್ತಾರೆ. ರಸ್ತೆ ದಾಟುವುದು ಹೇಗೆಂದು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನೂ ಕಲಿಯಬೇಕೆ ಎಂದು ಅನ್ನಿಸುವುದು ಸಹಜ. ಆದರೆ ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಂದ ಬಂದವರಿಗೆ ವಾಹನವನ್ನು ಕಿವಿಯಿಂದಲೇ ಗುರುತಿಸುವ ರೂಢಿಯಿರುತ್ತದೆ. ಅಲ್ಲಿ ತಿರುವಿನಾಚೆ ಬಸ್ಸು ಗೇರ್ ಬದಲಿಸಿದ ಸದ್ದು ಕೇಳಿದ ಮೇಲೂ ಬದಿಗೆ ಸರಿದು ನಿಲ್ಲಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಪೇಟೆಯ ಗದ್ದಲದಲ್ಲಿ ಆ ಕಿವಿ ಕೆಲಸಕ್ಕೆ ಬರುವುದಿಲ್ಲ; ಈಗಿನ ಎಲೆಕ್ಟ್ರಿಕ್ ಸ್ಕೂಟರುಗಳಂತೂ ಸದ್ದಿಲ್ಲದೆ ಮೈಮೇಲೆ ಬಂದಿರುತ್ತವೆ. ಕೊಲ್ಲಿ ದೇಶಗಳಲ್ಲಿ ಬಹಳ ವರ್ಷ ಇದ್ದು ಮರಳಿದವರ ತೊಂದರೆ ಬೇರೆ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ಅವರ ಕತ್ತು ತಾನಾಗಿ ಮೊದಲು ಎಡಕ್ಕೆ ಹೊರಳುತ್ತದೆ. ನಮ್ಮಲ್ಲಿ ಫುಟ್‌ಪಾತ್‌ನಿಂದ ಕೆಳಗಿಳಿದ ಕೂಡಲೇ ಎದುರಾಗುವ ವಾಹನ ಬಲಗಡೆಯಿಂದ ಬರುತ್ತದೆ.

ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಐವರಲ್ಲಿ ಸುಮಾರು ಒಬ್ಬರು ಯಾವ ವಾಹನವನ್ನೂ ಏರದೆ, ನಡೆಯುತ್ತಿದ್ದವರು.

ಕಣ್ಣಿಗೆ ಕಾಣುವ ವಾಹನಕ್ಕಿಂತ ಅದರ ಮರೆಯಲ್ಲಿರುವ ವಾಹನಕ್ಕೆ ಹೆಚ್ಚು ಹೆದರಬೇಕು ಎಂಬುದು ಈ ಮಾರ್ಗದರ್ಶಿಯ ಮುಖ್ಯ ಮಾತು. ಬಿ.ಹೆಚ್. ರಸ್ತೆಯಂಥ ಅಗಲ ರಸ್ತೆಯಲ್ಲಿ ನಿತ್ಯ ನಡೆಯುವುದನ್ನು ನೋಡಿ. ಜೀಬ್ರಾ ಪಟ್ಟೆಯ ಬಳಿ ನಿಂತಿರುವ ತಾಯಿ–ಮಗುವನ್ನು ಕಂಡು, ಫುಟ್‌ಪಾತ್‌ಗೆ ಹತ್ತಿರದ ಸಾಲಿನಲ್ಲಿ ಬರುತ್ತಿರುವ ಬಸ್ಸಿನ ಚಾಲಕರು ಒಳ್ಳೆಯ ಮನಸ್ಸಿನಿಂದ ಬಸ್ಸು ನಿಲ್ಲಿಸಿ, ಹೋಗಿ ಎಂದು ಕೈಸನ್ನೆ ಮಾಡುತ್ತಾರೆ. ಅವರನ್ನು ಕಾಯಿಸಬಾರದೆಂಬ ಸಂಕೋಚದಲ್ಲಿ ತಾಯಿ ಮಗುವಿನ ಕೈ ಹಿಡಿದು ಬೇಗಬೇಗ ಹೆಜ್ಜೆ ಹಾಕುತ್ತಾರೆ. ಹಿಂದೆ ಬರುತ್ತಿರುವ ಬೈಕ್ ಸವಾರನಿಗೆ ಬಸ್ಸು ಏಕೆ ನಿಂತಿತೆಂದು ಗೊತ್ತಿರುವುದಿಲ್ಲ. ಯಾರನ್ನೋ ಇಳಿಸಲು ನಿಂತಿರಬೇಕೆಂದು ಭಾವಿಸಿ ಅವನು ಬಲಗಡೆಯಿಂದ ಮುಂದೆ ನುಗ್ಗುತ್ತಾನೆ. ಬಸ್ಸಿನ ಮೈ ಅಡ್ಡವಿರುವುದರಿಂದ ತಾಯಿಗೆ ಬೈಕ್ ಕಾಣುವುದಿಲ್ಲ, ಬೈಕಿನವನಿಗೆ ತಾಯಿ ಕಾಣುವುದಿಲ್ಲ. ಇಂಥ ಕಡೆ ನಿಂತ ಬಸ್ಸಿನ ಮುಂಭಾಗವನ್ನು ದಾಟುತ್ತಿದ್ದಂತೆ ಅದರ ಬಲ ಅಂಚಿನಲ್ಲಿ ಮತ್ತೊಮ್ಮೆ ನಿಂತು, ಕತ್ತು ಚಾಚಿ, ಮುಂದಿನ ಸಾಲು ಖಾಲಿಯಿದೆ ಎಂದು ಕಣ್ಣಾರೆ ಕಂಡ ಮೇಲೆ ಹೆಜ್ಜೆ ಇಡಬೇಕು. ಬಸ್ಸಿನವರು ಹಾರ್ನ್ ಹಾಕಿದರೆ ಹಾಕಲಿ. ಅವರು ತಮ್ಮ ವಾಹನವನ್ನು ನಿಲ್ಲಿಸಬಲ್ಲರೇ ಹೊರತು ಪಕ್ಕದ ಸಾಲಿನವರ ಪರವಾಗಿ ಮಾತು ಕೊಡಲಾರರು.

ಬಸ್ಸಿನಿಂದ ಇಳಿದವರಿಗೂ ಇದೇ ಮಾತು ಅನ್ವಯಿಸುತ್ತದೆ. ಅಶೋಕ ವೃತ್ತದ ಬಳಿ ಕೆಎಸ್‌ಆರ್‌ಟಿಸಿ ನಿಲ್ದಾಣ ಮತ್ತು ಖಾಸಗಿ ಬಸ್ ನಿಲ್ದಾಣ ಅಕ್ಕಪಕ್ಕದಲ್ಲೇ ಇರುವುದರಿಂದ ಬೆಳಗಿನಿಂದ ರಾತ್ರಿಯವರೆಗೆ ಜನ, ಆಟೋ, ಬಸ್ಸು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಇಳಿದ ತಕ್ಷಣ ಬಸ್ಸಿನ ಮೂತಿಯ ಮುಂದಿನಿಂದ ಆಚೆಗೆ ಹಾಯುವುದು ಬಹಳ ಜನರ ಅಭ್ಯಾಸ. ಎತ್ತರದ ಆಸನದಲ್ಲಿ ಕುಳಿತ ಚಾಲಕರಿಗೆ ಬಂಪರಿಗೆ ತಾಗಿದಂತೆ ನಡೆಯುವ ಮಗು ಕಾಣಿಸುವುದೇ ಇಲ್ಲ, ಕಂಡಕ್ಟರು ‘ರೈಟ್’ ಎಂದ ಮರುಕ್ಷಣ ಬಸ್ಸು ಹೊರಡುತ್ತದೆ. ಬಸ್ಸಿನ ಹಿಂಬದಿಯಿಂದ ದಾಟಿದರೂ ಎದುರುಗಡೆಯಿಂದ ಬರುವ ವಾಹನ ಮರೆಯಾಗಿರುತ್ತದೆ. ಸಾಮಾನು ಎಣಿಸಿಕೊಂಡು ಬದಿಯಲ್ಲೇ ನಿಲ್ಲಿ. ಅರ್ಧ ನಿಮಿಷದಲ್ಲಿ ಬಸ್ಸು ಹೋಗುತ್ತದೆ, ರಸ್ತೆ ಎರಡೂ ಕಡೆ ತೆರೆದು ಕಾಣುತ್ತದೆ.

ದಾಟುವ ಜಾಗವನ್ನು ಆರಿಸಿಕೊಳ್ಳುವಾಗ ಹತ್ತಿರದ ಜಾಗಕ್ಕಿಂತ ಚೆನ್ನಾಗಿ ಕಾಣುವ ಜಾಗಕ್ಕೆ ಬೆಲೆ ಕೊಡಬೇಕು. ಸಿಗ್ನಲ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಜೀಬ್ರಾ ಪಟ್ಟೆ ಇರುವಲ್ಲಿ, ಅದೂ ಇಲ್ಲದಿದ್ದರೆ ಡಿವೈಡರ್‌ನಲ್ಲಿ ಜನ ದಾಟಲೆಂದು ಬಿಟ್ಟ ಜಾಗದಲ್ಲಿ ದಾಟುವುದು ಕ್ರಮ. ಗಾಂಧಿ ಬಜಾರ್, ದುರ್ಗಿಗುಡಿಯಂಥ ಪೇಟೆ ಬೀದಿಗಳಲ್ಲಿ ವಾಹನಗಳ ವೇಗ ಕಡಿಮೆ. ಆದರೆ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದ ಕಾರು, ಬೈಕುಗಳ ಸಂದಿಯಿಂದ ಥಟ್ಟನೆ ರಸ್ತೆಗಿಳಿಯುವ ಅಪಾಯವಿದೆ. ನಿಂತ ವಾಹನದ ಹೊರ ಅಂಚಿನವರೆಗೆ ಬಂದು, ಅಲ್ಲಿ ನಿಂತು ನೋಡಿಯೇ ಮುಂದುವರಿಯಿರಿ. ಒನ್ ವೇ ಫಲಕವಿರುವ ರಸ್ತೆಯಲ್ಲೂ ಎರಡೂ ಕಡೆ ನೋಡುವುದನ್ನು ಬಿಡಬೇಡಿ, ಏಕೆಂದರೆ ಅರ್ಧ ಕಿಲೋಮೀಟರ್ ಸುತ್ತಿ ಬರಲು ಬೇಸರಪಟ್ಟು ವಿರುದ್ಧ ದಿಕ್ಕಿನಲ್ಲಿ ಬರುವ ಸ್ಕೂಟರ್ ಸವಾರರಿಗೆ ನಮ್ಮೂರಿನಲ್ಲೇನೂ ಬರವಿಲ್ಲ. ಅಮೀರ್ ಅಹಮದ್ ವೃತ್ತ, ಗೋಪಿ ವೃತ್ತದಂಥ ಕಡೆ ವೃತ್ತದ ನಡುವಿನಿಂದ ಅಡ್ಡ ಹಾಯದೆ, ಒಂದೊಂದು ರಸ್ತೆಯನ್ನೂ ಬೇರೆಬೇರೆಯಾಗಿ, ತಿರುವಿನಿಂದ ಸ್ವಲ್ಪ ಹಿಂದಕ್ಕೆ ಸರಿದು ದಾಟಬೇಕು. ಸಿಗ್ನಲ್ ಕೆಂಪಾಗಿ ನೇರ ಹೋಗುವ ವಾಹನಗಳು ನಿಂತಿದ್ದರೂ ಎಡಕ್ಕೆ ತಿರುಗುವವರು ನಿಂತಿರುವುದಿಲ್ಲ. ಪಾದಚಾರಿಗಳ ಹಸಿರು ದೀಪ ಮಿನುಗಲು ಆರಂಭಿಸಿದ್ದರೆ ಆಗಲೇ ನಡುರಸ್ತೆಯಲ್ಲಿರುವವರು ದಾಟಿ ಮುಗಿಸಬೇಕು. ಫುಟ್‌ಪಾತ್‌ನ ಮೇಲಿರುವವರು ಮುಂದಿನ ಸರದಿಗೆ ಕಾಯಬೇಕು.

ಡಿವೈಡರ್ ಇರುವ ರಸ್ತೆಯನ್ನು ಒಂದೇ ಉಸಿರಿಗೆ ದಾಟಲು ಹೋಗದೆ ಎರಡು ರಸ್ತೆಗಳೆಂದು ಎಣಿಸಿಕೊಳ್ಳುವುದು ಒಳ್ಳೆಯದು. ಲೆಕ್ಕ ಹಾಕಿ ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಎರಡು ಸಾಲಿನ ಒಂದು ಬದಿ ಸುಮಾರು 7 ಮೀಟರ್ ಅಗಲವಿರುತ್ತದೆ. ಆರೋಗ್ಯವಂತ ವಯಸ್ಕರು ಸೆಕೆಂಡಿಗೆ 1.2 ಮೀಟರಿನಂತೆ ನಡೆದರೆ ಅದನ್ನು ದಾಟಲು ಸುಮಾರು 6 ಸೆಕೆಂಡು ಬೇಕು. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 14 ಮೀಟರಿನಷ್ಟು ಬರುವುದರಿಂದ, ಆ 6 ಸೆಕೆಂಡಿನಲ್ಲಿ ಅದು 80 ಮೀಟರಿಗಿಂತ ಹೆಚ್ಚು ದೂರ ಕ್ರಮಿಸಿರುತ್ತದೆ. ಮಂಡಿನೋವಿರುವ ಅಜ್ಜಿ ಸೆಕೆಂಡಿಗೆ 0.8 ಮೀಟರಿನಂತೆ ನಡೆದರೆ ಅದೇ ಅರ್ಧ ರಸ್ತೆಗೆ 9 ಸೆಕೆಂಡು ಹಿಡಿಯುತ್ತದೆ, ವಾಹನ 120 ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ. ಬೀದಿದೀಪದ ಕಂಬಗಳ ನಡುವೆ ಸಾಮಾನ್ಯವಾಗಿ 25ರಿಂದ 30 ಮೀಟರ್ ಅಂತರ ಇರುವುದರಿಂದ ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು: ವಯಸ್ಕರಿಗೆ ಕಡಿಮೆಯೆಂದರೆ ಮೂರು–ನಾಲ್ಕು ಕಂಬಗಳ ಅಂತರ, ಹಿರಿಯರು ಜೊತೆಯಲ್ಲಿದ್ದರೆ ಐದು. ಕುಟುಂಬದವರೆಲ್ಲ ಒಟ್ಟಿಗೆ ದಾಟುವಾಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಲೆಕ್ಕವನ್ನೇ ಹಿಡಿಯಬೇಕು. ಮಗ ಮುಂದೆ ಓಡಿ ಆಚೆ ಸೇರಿ, ‘ಬನ್ನಿ ಅಪ್ಪಾ, ಬೇಗ’ ಎಂದು ಅಲ್ಲಿಂದ ಕೂಗುವುದನ್ನು ನೆಹರೂ ರಸ್ತೆಯಲ್ಲಿ ಯಾವ ಸಂಜೆ ಬೇಕಾದರೂ ಕಾಣಬಹುದು. ಆ ಕೂಗಿಗೆ ಓಗೊಟ್ಟು ಹೆಜ್ಜೆ ಎತ್ತಿಡುವ ಹಿರಿಯರ ಕಣ್ಣು ಮಗನ ಮೇಲಿರುತ್ತದೆ, ವಾಹನದ ಮೇಲಿರುವುದಿಲ್ಲ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ರಸ್ತೆಯ ಆಚೆ ಬದಿಯಲ್ಲಿರುವ ಮಗುವನ್ನು ಹೆಸರು ಹಿಡಿದು ಕೂಗಬೇಡಿ, ಕೈ ಬೀಸಬೇಡಿ. ನೀವೇ ದಾಟಿ ಹೋಗಿ ಕರೆತನ್ನಿ. ಚಿಕ್ಕ ಮಕ್ಕಳಿಗೆ ಬರುವ ವಾಹನದ ವೇಗ, ದೂರ ಎರಡನ್ನೂ ಒಟ್ಟಿಗೆ ಅಂದಾಜು ಮಾಡುವ ಶಕ್ತಿ ಬಂದಿರುವುದಿಲ್ಲ, ಅವರ ಎತ್ತರಕ್ಕೆ ನಿಂತ ಕಾರಿನ ಆಚೆ ಏನೂ ಕಾಣುವುದಿಲ್ಲ. ಬೆರಳು ಹಿಡಿಸಿಕೊಂಡು ನಡೆಸುವ ಬದಲು ಮಣಿಕಟ್ಟನ್ನು ನೀವೇ ಹಿಡಿದುಕೊಳ್ಳಿ; ಬೆರಳಾದರೆ ಮಗು ಬಿಡಿಸಿಕೊಂಡು ಓಡಬಲ್ಲದು. ಶಾಲೆಗೆ ಒಬ್ಬರೇ ಹೋಗುವಷ್ಟು ದೊಡ್ಡವರಾದ ಮೇಲೂ ಮೊದಲ ಕೆಲವು ವಾರ ಅದೇ ದಾರಿಯಲ್ಲಿ ಅವರೊಂದಿಗೆ ನಡೆದು, ಯಾವಾಗ ದಾಟಬಹುದೆಂದು ಹೇಳುವ ಕೆಲಸವನ್ನು ಅವರಿಗೇ ಬಿಟ್ಟು, ತಪ್ಪಿದಾಗ ಮಾತ್ರ ತಡೆಯುವುದು ನಾವು ಕಂಡಂತೆ ಚೆನ್ನಾಗಿ ನಾಟುತ್ತದೆ.

ಕೈ ಅಡ್ಡ ಹಿಡಿದು ದಾಟುವ ಪದ್ಧತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ದಾಟುತ್ತಿದ್ದೇನೆಂದು ಚಾಲಕರಿಗೆ ತಿಳಿಸಲು ಕೈ ಎತ್ತುವುದರಲ್ಲಿ ತಪ್ಪಿಲ್ಲ. ಕೈ ಎತ್ತಿ, ಮುಖ ಬೇರೆ ಕಡೆ ತಿರುಗಿಸಿ ನಡೆದುಬಿಡುವುದು ತಪ್ಪು. ಚಾಲಕರ ಕಣ್ಣು ನಿಮ್ಮ ಕಣ್ಣಿಗೆ ಸಿಗಬೇಕು, ವಾಹನದ ವೇಗ ತಗ್ಗಿದ್ದು ನಿಮಗೆ ಕಾಣಬೇಕು. ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟೆಯ ಬಳಿ ಚಾಲಕರು ವೇಗ ತಗ್ಗಿಸಿ, ನಿಂತು, ಪಾದಚಾರಿಗಳಿಗೆ ದಾರಿ ಬಿಡಬೇಕೆಂದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಹೇಳುತ್ತದೆ. ಫುಟ್‌ಪಾತ್ ಮೇಲೆ ವಾಹನ ಓಡಿಸುವುದಕ್ಕೂ ಅವಕಾಶವಿಲ್ಲ. ಹಕ್ಕು ನಿಮ್ಮದೇ. ಆದರೂ ಬರುತ್ತಿರುವವರು ಆ ನಿಯಮವನ್ನು ಓದಿದ್ದಾರೆಂದು ನಂಬಿಕೊಂಡು ರಸ್ತೆಗೆ ಇಳಿಯಬೇಡಿ.

ಮಳೆಗಾಲಕ್ಕೆ ಪ್ರತ್ಯೇಕ ಎಚ್ಚರಿಕೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕೊಡೆಯಿಲ್ಲದೆ ಹೊರಡುವಂತಿಲ್ಲ, ಗಾಳಿಗೆ ಓರೆಯಾಗಿ ಹಿಡಿದ ಕೊಡೆಯೇ ಬಲಗಡೆಯ ನೋಟವನ್ನು ಪೂರ್ತಿ ಮುಚ್ಚಿಬಿಡುತ್ತದೆ. ರಸ್ತೆಗಿಳಿಯುವ ಮೊದಲು ಕೊಡೆಯನ್ನು ನೇರವಾಗಿ ಮೇಲಕ್ಕೆತ್ತಿ ಎರಡೂ ಕಡೆ ನೋಡಿ. ನಾಲ್ಕು ಹನಿ ಮುಖಕ್ಕೆ ಬಿದ್ದರೆ ಬೀಳಲಿ. ರೇನ್‌ಕೋಟಿನ ಟೋಪಿಯೂ ಪಕ್ಕದ ನೋಟವನ್ನು ಕಡಿಮೆ ಮಾಡುವುದರಿಂದ ಕಣ್ಣು ಹೊರಳಿಸಿದರೆ ಸಾಲದು, ಕತ್ತನ್ನೇ ತಿರುಗಿಸಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು, ಚಾಲಕರು ನಿಮ್ಮನ್ನು ಕಂಡ ಕ್ಷಣದಿಂದ ನಿಲ್ಲುವವರೆಗೆ ಒಣ ರಸ್ತೆಯಲ್ಲಿ ಸುಮಾರು 28 ಮೀಟರ್ ಮುಂದೆ ಬರುತ್ತದೆ. ಒದ್ದೆ ರಸ್ತೆಯಲ್ಲಿ ಅದು 40 ಮೀಟರಿನ ಹತ್ತಿರ ಹೋಗುತ್ತದೆ. ನುಣುಪಾದ ಚಪ್ಪಲಿ ತೊಟ್ಟು ನಡುರಸ್ತೆಯಲ್ಲಿ ಓಡಿದರೆ ನೀವೇ ಜಾರುತ್ತೀರಿ. ಜೀಬ್ರಾ ಪಟ್ಟೆಯ ಬಣ್ಣ ಒದ್ದೆಯಾದಾಗ ಡಾಂಬರಿಗಿಂತ ಹೆಚ್ಚು ಜಾರುವುದನ್ನು ನೆನಪಿಡಿ. ನೀರು ನಿಂತ ಕಡೆ ಗುಂಡಿಯೋ ಬಾಯ್ತೆರೆದ ಚರಂಡಿಯೋ ಇರಬಹುದು.

ಇರುಳಿನಲ್ಲಿ ಕಪ್ಪು ಕೊಡೆ, ಕಡುಬಣ್ಣದ ಜರ್ಕಿನ್ ತೊಟ್ಟವರು ಚಾಲಕರಿಗೆ ಕಾಣುವುದೇ ಕಷ್ಟ. ಎದುರುಬದುರಾಗಿ ಬರುವ ಎರಡು ವಾಹನಗಳ ಹೆಡ್‌ಲೈಟಿನ ನಡುವೆ ಸಿಕ್ಕವರಂತೂ ಆ ಬೆಳಕಿನಲ್ಲೇ ಮರೆಯಾಗುತ್ತಾರೆ. ತಿಳಿ ಬಣ್ಣದ ಬಟ್ಟೆ ಹಾಕಿ, ಮೊಬೈಲಿನ ಟಾರ್ಚನ್ನು ನೆಲದತ್ತ ಹಿಡಿದು, ಬೀದಿದೀಪದ ಕೆಳಗೇ ದಾಟಿ. ರಸ್ತೆಯಲ್ಲಿ ಮಲಗಿದ ಬಿಡಾಡಿ ದನಗಳ ಹತ್ತಿರ ಮಾತ್ರ ದಾಟಬೇಡಿ. ಕೊನೆಯ ಗಳಿಗೆಯಲ್ಲಿ ದನವನ್ನು ಕಂಡ ಚಾಲಕರು ಯಾವ ಕಡೆಗೆ ಸ್ಟಿಯರಿಂಗ್ ತಿರುಗಿಸುತ್ತಾರೆಂದು ಹೇಳಲಾಗದು.

ಸಾಗರ ರಸ್ತೆಯಂತೆ ಊರಿನಿಂದ ಹೊರಗೆ ಚಾಚಿಕೊಳ್ಳುವ ರಸ್ತೆಗಳಲ್ಲಿ ಫುಟ್‌ಪಾತ್ ಮುಗಿದ ಮೇಲೆ ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನಗಳನ್ನು ನೋಡುತ್ತ, ಒಬ್ಬರ ಹಿಂದೆ ಒಬ್ಬರಾಗಿ ನಡೆಯಿರಿ. ರಜೆಯಲ್ಲಿ ಆಗುಂಬೆಗೆ ಸೂರ್ಯಾಸ್ತ ನೋಡಲು ಹೋಗುವ ಹೊಸಬರು ಮಂಜು ಕವಿದ ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಆಚೀಚೆ ಓಡಾಡುವುದನ್ನು ಕಂಡಿದ್ದೇವೆ. ತಿರುವಿನಲ್ಲಿ ಎರಡು ಕಡೆಯ ರಸ್ತೆಯೂ ಕಾಣದು. ನೇರವಾದ ತುಂಡು ಸಿಗುವವರೆಗೆ ದಾಟಬೇಡಿ.

ಅಪಘಾತವಾದರೆ 108ಕ್ಕೆ ಆಂಬುಲೆನ್ಸಿಗಾಗಿ, 112ಕ್ಕೆ ಪೊಲೀಸರಿಗಾಗಿ ಕರೆ ಮಾಡಿ, ಹತ್ತಿರದ ವೃತ್ತದ ಅಥವಾ ಅಂಗಡಿಯ ಗುರುತು ಹೇಳಿ. ನಗರದ ದೊಡ್ಡ ಸರ್ಕಾರಿ ಆಸ್ಪತ್ರೆ ಮೆಗ್ಗಾನ್. ಗಾಯಾಳುವಿಗೆ ನೆರವಾದರೆ ಪೊಲೀಸ್ ಠಾಣೆಗೆ ಅಲೆಯಬೇಕಾದೀತೆಂದು ಅಂಜುವ ಅಗತ್ಯವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಕರ್ನಾಟಕದಲ್ಲಿ 2016ರದೇ ಪ್ರತ್ಯೇಕ ಕಾಯ್ದೆಯೂ ಇದೆ. ಗುದ್ದಿದ ವಾಹನ ಸಿಗದೆ ಹೋದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಂತೆ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರವಿದೆ. ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆಯ ಕಾಗದಗಳೊಂದಿಗೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು. ಅರ್ಜಿ ಬರೆಯಲು ತೊಡಕಾದರೆ ಸಂಘದವರನ್ನು ಕೇಳಿ.

ನಿಮ್ಮ ಬಡಾವಣೆಯಲ್ಲಿ ಜೀಬ್ರಾ ಪಟ್ಟೆ ಅಳಿಸಿಹೋಗಿದ್ದರೆ, ಬೀದಿದೀಪ ಕೆಟ್ಟಿದ್ದರೆ, ಫುಟ್‌ಪಾತ್‌ನ ಚಪ್ಪಡಿ ಕಿತ್ತುಹೋಗಿದ್ದರೆ ಫೋಟೊ ತೆಗೆದು, ಜಾಗದ ಗುರುತು, ದಿನಾಂಕ ಬರೆದು ಮಹಾನಗರ ಪಾಲಿಕೆಗೆ ಲಿಖಿತ ದೂರು ಕೊಡಿ ಮತ್ತು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಕಚೇರಿಯ ಮೆಟ್ಟಿಲಲ್ಲೇ ಉಳಿಯುತ್ತದೆ. ಒಂದೇ ಜಾಗದ ಬಗ್ಗೆ ಬೀದಿಯ ಹಲವು ಮನೆಯವರು ಸಹಿ ಹಾಕಿದ ಅರ್ಜಿಯಿದ್ದರೆ ಅದನ್ನು ಸಂಘದ ಪತ್ರದೊಂದಿಗೆ ಸೇರಿಸಿ ಸಂಚಾರ ಪೊಲೀಸ್ ಠಾಣೆಗೂ ತಲುಪಿಸುತ್ತೇವೆ.