ಹಳೇ ಮ್ಯಾಸ್ಸಿಯ ಕ್ಲಚ್ ನಾವೇ ಬಿಚ್ಚಿ ಕಟ್ಟಿದ್ದು

ಯಲಹಂಕದಾಚೆ ನಮ್ಮ ತೋಟದಲ್ಲಿ ಹಳೇ ಮ್ಯಾಸ್ಸಿ ಫರ್ಗುಸನ್ 1035 ಟ್ರ್ಯಾಕ್ಟರ್ ಇದೆ. ಲೋಡ್ ಟ್ರೇಲರ್ ಹಾಕಿ ದಿಣ್ಣೆ ಹತ್ತಿಸಿದರೆ ಇಂಜಿನ್ ಜೋರಾಗಿ ಕೂಗುತ್ತಿತ್ತು, ಗಾಡಿ ಮಾತ್ರ ಕದಲುತ್ತಿರಲಿಲ್ಲ. ಕ್ಲಚ್ ಜಾರುತ್ತಿತ್ತು. ಪೆಡಲ್ ಫ್ರೀ ಪ್ಲೇ (ಕ್ಲಚ್ ಬಿಡುವ ಮುಂಚೆ ಪೆಡಲ್ ಸುಮ್ಮನೆ ಇಳಿಯುವ ಅಂತರ) ಸರಿಮಾಡಿದರೂ ಅಷ್ಟೇ. ಕ್ಲಚ್ ಇರುವುದು ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ, ಇನ್ನು ಗಾಡಿಯನ್ನು ಅಲ್ಲಿ ಎರಡು ಭಾಗ ಮಾಡಿ ಬಿಚ್ಚಲೇಬೇಕು.

ಮೊದಲು ಬ್ಯಾಟರಿ ವೈರ್ ತೆಗೆದೆವು. ಆಮೇಲೆ ಮುಂದಿನ ಆಕ್ಸಲ್ ಎರಡೂ ಕಡೆ ಮರದ ಬೆಣೆ ಹೊಡೆದೆವು. ಆಕ್ಸಲ್ ನಡುವಿನ ಪಿನ್ ಮೇಲೆ ತಿರುಗುತ್ತದೆ ಅಲ್ವಾ, ಬೆಣೆ ಇಲ್ಲದಿದ್ದರೆ ಬೇರೆಯಾದ ಇಂಜಿನ್ ಪಕ್ಕಕ್ಕೆ ವಾಲಿಬಿಡುತ್ತದೆ. ಇದರಲ್ಲಿ ಅವಸರ ಬೇಡವೇ ಬೇಡ.

ಒಳಗೆ ಕ್ಲಚ್ ಪ್ಲೇಟಿನ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ರಿವಿಟ್‌ವರೆಗೂ ಸವೆದಿತ್ತು. ಪ್ಲೇಟ್ ಒತ್ತಿ ಕೂರುವ ಇಂಜಿನ್ ಕಡೆಯ ಭಾರದ ಚಕ್ರ, ಅಂದರೆ ಫ್ಲೈವೀಲ್ ಮೇಲೆ ಬಿಸಿಯಾದ ನೀಲಿ ಕಲೆ, ಕೂದಲೆಳೆಯಂಥ ಬಿರುಕು. ಅಂಚಿನಲ್ಲಿ ಆಯಿಲ್ ಜಿಡ್ಡು. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳಿಗೆ ಗಾಳಿ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಸ್‌.ಜೆ.ಪಿ. ರಸ್ತೆಯ ಅಂಗಡಿಯವರು, "ಪ್ಲೇಟ್ ಒಂದೇ ಸಾಕಾ ಅಣ್ಣ?" ಎಂದರು. ಸಾಲದು. ಆಯಿಲ್ ಸೀಲ್, ಪೈಲಟ್ ಬೇರಿಂಗ್ (ಶಾಫ್ಟ್ ತುದಿಯನ್ನು ಹಿಡಿಯುವುದು), ರಿಲೀಸ್ ಬೇರಿಂಗ್ (ಪೆಡಲ್ ತುಳಿದಾಗ ಕ್ಲಚ್ ಒತ್ತಿ ಬಿಡಿಸುವುದು) ಎಲ್ಲ ತಗೊಂಡೆ. ಸೀಲ್ ಸೋರುತ್ತಿದ್ದರೆ ಹೊಸ ಪ್ಲೇಟೂ ಜಿಡ್ಡಾಗುತ್ತದೆ, ಚಿಲ್ಲರೆ ಸಾಮಾನಿಗೋಸ್ಕರ ಮತ್ತೆ ಗಾಡಿ ಬಿಚ್ಚಬೇಕು. ಹೊಸ ಪ್ಲೇಟನ್ನು ಗೇರ್‌ಬಾಕ್ಸ್ ಶಾಫ್ಟ್‌ಗೆ ತೂರಿಸಿ ಅಲ್ಲಾಡಿಸಿ ನೋಡಿದೆ. ಶಾಫ್ಟ್ ಮೇಲಿನ ಉದ್ದುದ್ದ ಗೀರಿನ ಹಲ್ಲಿನಲ್ಲಿ (ಸ್ಪ್ಲೈನ್) ಕಚ್ಚು ಬಿದ್ದಿರಲಿಲ್ಲ. ಬಿದ್ದಿದ್ದರೆ ಪ್ಲೇಟ್ ಸಲೀಸಾಗಿ ಜಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಪೆಡಲ್ ತುಳಿದರೂ ಗೇರ್ ಕರಕರ ಅನ್ನುತ್ತದೆ.

ಫ್ಲೈವೀಲ್ ಪೀಣ್ಯದ ಲೇತ್‌ಗೆ ಹೋಯಿತು. ಬಿರುಕು ಮೇಲಷ್ಟೇ ಇತ್ತು, ಲೇತ್‌ನಲ್ಲಿ ಮುಖವನ್ನು ಸ್ವಲ್ಪ ಕೆರೆಸಿದ್ದಕ್ಕೆ ಹೋಯಿತು. ಬಿರುಕು ಆಳಕ್ಕೆ ಇಳಿದಿದ್ದರೆ ಆ ಫ್ಲೈವೀಲನ್ನು ಬದಲಾಯಿಸಲೇಬೇಕು. ಫ್ಲೈವೀಲ್‌ನಲ್ಲಿ ಎರಡು ಮುಖ ಮೇಲೆ ಕೆಳಗೆ ಮೆಟ್ಟಿಲಿನ ಹಾಗಿದ್ದರೆ ಒಂದು ಮಾತು: ಪ್ಲೇಟ್ ಕೂರುವ ಮುಖದಲ್ಲಿ ಎಷ್ಟು ತೆಗೆಯುತ್ತಾರೋ, ಪ್ಲೇಟನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೋಲ್ಟ್ ಕೂರುವ ಮುಖದಲ್ಲೂ ಅಷ್ಟೇ ತೆಗೆಯಬೇಕು. ಇಲ್ಲದಿದ್ದರೆ ಒತ್ತಡ ಕಡಿಮೆಯಾಗಿ ಹೊಸ ಕ್ಲಚ್ ಕೂಡ ಸ್ಲಿಪ್ ಹೊಡೆಯುತ್ತದೆ.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಫಿಂಗರ್ ಸೆಟ್ಟಿಂಗ್. ರಿಲೀಸ್ ಬೇರಿಂಗ್ ಒತ್ತುವ ಪ್ರೆಶರ್ ಪ್ಲೇಟಿನ ಸಣ್ಣ ಲಿವರ್‌ಗಳೇ ಫಿಂಗರ್. ಎಲ್ಲ ಫಿಂಗರೂ ಒಂದೇ ಎತ್ತರಕ್ಕೆ ಬರಬೇಕು. ಒಂದು ತಗ್ಗಿದರೂ ಬೇರಿಂಗ್ ಓರೆಯಾಗಿ ಒತ್ತುತ್ತದೆ, ಗಾಡಿ ಹೊರಡುವಾಗ ಅದುರುತ್ತದೆ. ಕಣ್ಣಳತೆ ಬೇಡ, ಗೇಜ್ ಇಟ್ಟೇ ನೋಡಿ.

ಇಂಜಿನ್, ಗೇರ್‌ಬಾಕ್ಸ್ ಮತ್ತೆ ಜೋಡಿಸುವಾಗ ನಡುವೆ ಉಳಿಯುವ ಕೊನೆಯ ಗ್ಯಾಪನ್ನು ಬೋಲ್ಟ್ ಬಿಗಿದು ಎಳೆಯಬೇಡಿ, ಪ್ಲೇಟಿನ ಹಬ್ ಬಾಗುತ್ತದೆ. ಫ್ಲೈವೀಲ್ ಸ್ವಲ್ಪ ತಿರುಗಿಸಿದರೆ ಸ್ಪ್ಲೈನ್ ತಾನೇ ಕೂರುತ್ತದೆ.

ಈಗ ಅದೇ ದಿಣ್ಣೆಯನ್ನು ಗೊಬ್ಬರದ ಲೋಡ್ ಹಾಕಿಕೊಂಡೇ ಹತ್ತುತ್ತದೆ. ಹೊಸ ಲೈನಿಂಗ್ ಪಳಗಿದ ಮೇಲೆ ಫ್ರೀ ಪ್ಲೇ ಕಡಿಮೆಯಾಗಿತ್ತು, ಇನ್ನೊಂದು ಸಲ ಸರಿಮಾಡಿದೆ.