ಹಂಚುವುದು ಕೊನೆಯ ಕೆಲಸ: ಎಕ್ಸಿಕ್ಯೂಟರ್ ಆಗಿ ನನ್ನ ಅನುಭವ

ದೊಡ್ಡಮ್ಮ ತಮ್ಮ ವಿಲ್‌ನಲ್ಲಿ ನನ್ನನ್ನು ಎಕ್ಸಿಕ್ಯೂಟರ್ ಮಾಡಿದ್ದರು, ಅಂದರೆ ಅವರು ತೀರಿಕೊಂಡ ಮೇಲೆ ಸಾಲ ತೀರಿಸಿ, ವಿಲ್‌ನಲ್ಲಿ ಬರೆದಂತೆ ಆಸ್ತಿ ಹಂಚುವ ಹೊಣೆ ನನ್ನದು. ಹೆಸರು ಬರೆದಿದ್ದಾರೆಂದು ಒಪ್ಪಲೇಬೇಕೆಂದಿಲ್ಲ. ಆದರೆ ಬೇಡ ಅನ್ನುವುದಿದ್ದರೆ ಕೆಲಸಕ್ಕೆ ಕೈ ಹಾಕುವ ಮೊದಲೇ ಹೇಳಬೇಕು. ಆಮೇಲೆ ಹಿಂದೆ ಸರಿಯುವುದು ಕಷ್ಟ. ವಕೀಲರ ಹತ್ತಿರ ಮಾತಾಡಿ ನಾನು ಹೂಂ ಅಂದೆ.

ಮೊದಲು ಬೇಕಾದದ್ದು ಮೂಲ ವಿಲ್. ಜೆರಾಕ್ಸ್ ಸಾಲದು. ಅದರ ಪಿನ್ ಕೂಡ ಕೀಳಬೇಡಿ ಎಂದರು ವಕೀಲರು. ಪಿನ್ ಕಿತ್ತ ಗುರುತು ಕಂಡರೆ ಹಾಳೆ ಬದಲಾಯಿಸಿದ್ದಾರೆಂಬ ಅನುಮಾನ ಬರಬಹುದಂತೆ. ಮರಣ ಪ್ರಮಾಣಪತ್ರವನ್ನು ಎಲ್ಲರೂ ಕೇಳುತ್ತಾರೆ, ಹಾಗಾಗಿ ಪ್ರತಿಗಳನ್ನು ಜಾಸ್ತಿಯೇ ತೆಗೆಸಿಟ್ಟುಕೊಂಡೆ.

"ಅಮ್ಮನ ಎಟಿಎಂ ಪಿನ್ ನನಗೆ ಗೊತ್ತು, ಖರ್ಚಿಗೆ ತೆಗೆದುಕೊಂಡು ಬರಲಾ?" ಎಂದರು ಅಣ್ಣ, ದೊಡ್ಡಮ್ಮನ ಮಗ. ಬೇಡ ಅಣ್ಣಾ, ಇನ್ನು ಆ ಕಾರ್ಡ್ ಮುಟ್ಟುವ ಹಾಗಿಲ್ಲ ಎಂದೆ. ದೊಡ್ಡಮ್ಮನ ಪರವಾಗಿ ವ್ಯವಹಾರ ಮಾಡಲು ಅಣ್ಣನ ಕೈಲಿದ್ದ ಅಧಿಕಾರಪತ್ರವೂ (ಪವರ್ ಆಫ್ ಅಟಾರ್ನಿ) ದೊಡ್ಡಮ್ಮನ ಜೊತೆಗೇ ಮುಗಿದಿತ್ತು. ಬರುವ ಹಣಕ್ಕೆಲ್ಲ ಬೇರೆಯೇ ಖಾತೆ ತೆರೆದೆ. ನನ್ನ ದುಡ್ಡು ಅದರಲ್ಲಿ ಬೆರೆಯಲು ಬಿಡಲಿಲ್ಲ.

ಏನೇನಿದೆ ಎಂದು ತಿಳಿಯಲು ಹಳೆಯ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳೇ ಸಾಕಷ್ಟು ದಾರಿ ತೋರಿಸಿದವು. ಒಂದು ಕಡೆ ವಿಮೆಯ ಕಂತು, ಇನ್ನೊಂದು ಕಡೆ ಲಾಕರ್ ಬಾಡಿಗೆ, ಮತ್ತೊಂದು ಕಡೆ ಯಾರಿಗೂ ಗೊತ್ತಿರದ ಸಾಲದ ಕಂತು! ಸಿಕ್ಕಿದ ಪ್ರತಿಯೊಂದಕ್ಕೂ ಅವರು ತೀರಿಕೊಂಡ ದಿನ ಎಷ್ಟು ಬೆಲೆ ಇತ್ತೆಂದು ಬರೆದಿಟ್ಟೆ.

ಅಷ್ಟರಲ್ಲಿ ಶುರುವಾಯಿತು, "ಯಾವಾಗ ಹಂಚುತ್ತೀಯ?" ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಅಂತ್ಯಕ್ರಿಯೆ ಮತ್ತು ಕೋರ್ಟಿನ ಖರ್ಚು, ತೆರಿಗೆ, ಸಾಲ, ಇವೆಲ್ಲ ತೀರಬೇಕು. ಆಮೇಲೆ ಇಂಥವರಿಗೆ ಇಂಥದ್ದು ಎಂದು ಬರೆದದ್ದು. ಮಿಕ್ಕಿದ್ದೆಲ್ಲ ಯಾರಿಗೆ ಎಂದು ವಿಲ್‌ನಲ್ಲಿ ಬರೆದಿದೆಯೋ, ಉಳಿದದ್ದು ಅವರಿಗೆ. ಮುಲಾಜಿಗೆ ಬಿದ್ದು ಮೊದಲೇ ಹಂಚಿಬಿಟ್ಟು, ಆಮೇಲೆ ಸಾಲ ಕೊಟ್ಟವರು ಬಂದರೆ ಎಕ್ಸಿಕ್ಯೂಟರ್ ಕೈಯಿಂದಲೇ ಕಟ್ಟಬೇಕಾದೀತು. ಇದನ್ನು ಒಬ್ಬೊಬ್ಬರಿಗೆ ಫೋನಿನಲ್ಲಿ ವಿವರಿಸುವ ಬದಲು ಎಲ್ಲರಿಗೂ ಒಂದೇ ಪತ್ರ ಕಳಿಸಿದೆ. ಪ್ರತಿ ತಿಂಗಳೂ ಲೆಕ್ಕ ಕಳಿಸಿದೆ. ಹೊಸದೇನೂ ಇಲ್ಲದಿದ್ದರೆ "ಈ ತಿಂಗಳು ಏನೂ ಆಗಿಲ್ಲ" ಎಂದಾದರೂ ಬರೆದೆ. ಸುಮ್ನೆ ಕೂತರೆ ಜನ ತಮಗೆ ತೋಚಿದ್ದನ್ನು ಅಂದುಕೊಳ್ಳುತ್ತಾರೆ, ಅಲ್ವಾ?

ವಿಲ್‌ನಲ್ಲಿ ಮೊಮ್ಮಗಳಿಗೆಂದು ಬರೆದಿದ್ದ ಕಾರನ್ನು ದೊಡ್ಡಮ್ಮ ಬದುಕಿದ್ದಾಗಲೇ ಮಾರಿದ್ದರು. ಹಾಗೆ ಇಲ್ಲವಾದ ವಸ್ತುವಿನ ಬದಲು ಹಣ ಕೊಡಲು ಸಾಮಾನ್ಯವಾಗಿ ಬರುವುದಿಲ್ಲ. ಹುಡುಗಿ ಅತ್ತಳು. ನನಗೂ ಕೊಡಬೇಕೆನಿಸಿತು, ಆದರೆ ಕೊಡುವುದಕ್ಕೆ ಅದು ನನ್ನ ದುಡ್ಡಲ್ಲ.

ವಿಚಿತ್ರವೆಂದರೆ, ಠೇವಣಿಯ ಬಗ್ಗೆ ಯಾರೂ ಜಗಳವಾಡಲಿಲ್ಲ. ಜಗಳವಾದದ್ದು ಫೋಟೋ ಆಲ್ಬಮ್‌ಗಳಿಗೆ, ಕೆಟ್ಟು ನಿಂತ ಗಡಿಯಾರಕ್ಕೆ. ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ಕೊಟ್ಟೆ. ಉಳಿದ ಸಾಮಾನಿಗೆ ಚೀಟಿ ಎತ್ತಿ, ಸರದಿಯಂತೆ ಒಬ್ಬೊಬ್ಬರು ಒಂದೊಂದು ಆರಿಸಿಕೊಂಡರು.

ಪಾಲು ಕೊಟ್ಟಾಗ ಪ್ರತಿಯೊಬ್ಬರಿಂದಲೂ ರಸೀದಿಗೆ ಸಹಿ ಹಾಕಿಸಿಕೊಂಡೆ. ಕೊನೆಯ ತೆರಿಗೆಗೆಂದು ಸ್ವಲ್ಪ ಹಣ ತಡೆದಿಟ್ಟಿದ್ದೆ. ಅದು ಕಟ್ಟಿ ಮುಗಿದ ಮೇಲೆ ಮಿಕ್ಕಿದ್ದನ್ನೂ ಹಂಚಿ ಖಾತೆ ಮುಚ್ಚಿಸಿದೆ. ಲೆಕ್ಕದ ಪುಸ್ತಕ, ರಸೀದಿಗಳನ್ನು ಮಾತ್ರ ಇನ್ನೂ ಎಸೆದಿಲ್ಲ, ಯಾರಾದರೂ ಕೇಳಿದರೆ ತೋರಿಸಲು ಇರಲಿ ಎಂದು.